ಕೆಳಗಿನ ಪಟ್ಟಿ

ನಲವತ್ತೊಂದನೆಯ ನಿಮಿಷ ಬಂದಾಗಲೆಲ್ಲ ಅವನಿಗೆ ಬಾಯಾರಿಕೆಯಾಗುತ್ತಿತ್ತು. ಬೆಳಗಿನಿಂದ ಮೂರು ಸಲ ಹಾಗಾಯಿತು. ಮೂರು ಸಲವೂ ಎದ್ದು ಅಡುಗೆಮನೆಗೆ ಹೋಗಿ ನೀರು ಕುಡಿದು, ಲೋಟ ತೊಳೆದು ಬೋರಲು ಹಾಕಿ, ಅದರ ಮೇಲಿನ ಹನಿಗಳನ್ನೂ ಒರೆಸಿ, ಇನ್ನು ಮಾಡಲು ಏನೂ ಉಳಿದಿಲ್ಲವೆಂದು ಖಾತ್ರಿಯಾದ ಮೇಲೆ ಬಂದು ಕುಳಿತಿದ್ದ. ಎದುರಿಗೆ ಎರಡು ಟೀವಿ. ಎಡಗಡೆಯದು ಹೊಟ್ಟೆ ಮುಂದಕ್ಕೆ ಬಂದ ಹಳೆಯ ಡಬ್ಬಿ, ಅದಕ್ಕೆ ಟೇಪಿನ ಯಂತ್ರ. ಬಲಗಡೆಯದು ಗೋಡೆಯಗಲದ ಹೊಸದು, ಅದಕ್ಕೆ ಡಿಸ್ಕು. ಎರಡರಲ್ಲೂ ಒಂದೇ ಸಿನಿಮಾ, ಅದೇ ಮುಚ್ಚಿದ ಗಿರಣಿ, ಅದೇ ಜಾಂಬಿಗಳು. ಎಡಗಡೆಯವು ಬಿಸಿಲಿಗೆ ಹೋಗಿ ಬಂದವರಂತೆ ಕೊಂಚ ಕೆಂಪಗಿದ್ದವು. ಬಲಗಡೆಯವು ನ್ಯಾಯವಾಗಿ ಹೆಣದ ಬಣ್ಣಕ್ಕೆ ತಿರುಗಿದ್ದವು. ಮಡಿಲಲ್ಲಿ ಚೌಕುಳಿ ಕಾಗದದ ಪುಸ್ತಕ, ಕಿವಿಯ ಮೇಲೆ ಪೆನ್ಸಿಲ್, ಕೈಯಲ್ಲಿ ಶಾಲೆಯ ಮಕ್ಕಳ ಅಳತೆಪಟ್ಟಿ. ಹತ್ತೊಂಬತ್ತು ವರ್ಷದಿಂದ ಒಂದು ಮಾಸಪತ್ರಿಕೆಗೆ ಅವನು ಮಾಡುತ್ತಾ ಬಂದಿರುವುದು ಇದೇ ಕೆಲಸ: ಹಳೆಯ ಜಾಂಬಿ ಸಿನಿಮಾಗಳು ಮನೆಯಲ್ಲಿ ನೋಡಲು ಯಾವ್ಯಾವ ರೂಪದಲ್ಲಿ ಬಂದಿವೆ, ಯಾವುದರಲ್ಲಿ ಏನು ಕತ್ತರಿಸಿದ್ದಾರೆ, ಯಾವುದರಲ್ಲಿ ರಕ್ತ ಹೆಚ್ಚು ಕೆಂಪಗಿದೆ, ಕೊಳ್ಳುವವರು ಯಾವುದನ್ನು ಕೊಳ್ಳಬೇಕು ಎಂದು ಕೂದಲು ಸೀಳಿ ಹೇಳುವುದು. ಅಂಕಣಕ್ಕೆ ‘ಭೂತಗನ್ನಡಿ’ ಎಂದು ಹೆಸರು. ಈಗ ಅವನನ್ನೂ ಎಲ್ಲರೂ ಹಾಗೆಯೇ ಕರೆಯುವುದು.

ಬೆಳಿಗ್ಗೆ ಸಂಪಾದಕರು ಫೋನು ಮಾಡಿದ್ದರು. “ಏನ್ರೀ ಭೂತಗನ್ನಡಿ, ನಾಳೆ ಹೊತ್ತಿಗೆ ಹೆಣಗಳ ಲೆಕ್ಕ ಕೈಸೇರುತ್ತಾ? ನಮ್ಮ ಓದುಗರು ಇರೋದೇ ಮುನ್ನೂರು ಜನ. ಅದರಲ್ಲಿ ಇನ್ನೂರು ಜನ ನಿಮ್ಮ ತಪ್ಪು ಹುಡುಕೋಕೇ ಪತ್ರಿಕೆ ತರಿಸೋರು. ಅವರನ್ನ ಕಾಯಿಸಬೇಡಿ.” ಅವನು ನಕ್ಕಿದ್ದ. ಅವರ ತಮಾಷೆಗೆ ನಗುವುದೂ ಅವನ ಕೆಲಸದ ಒಂದು ಭಾಗವೇ ಆಗಿಹೋಗಿತ್ತು. ಲೇಖನ ಮುಕ್ಕಾಲು ಬರೆದಾಗಿತ್ತು. ನಾಲ್ಕು ಆವೃತ್ತಿಗಳಲ್ಲಿ ಎರಡನ್ನು ಕಣ್ಣು ಮುಚ್ಚಿಕೊಂಡು ಬೈಯಬಹುದು. ಟೇಪಿನ ಬಗ್ಗೆ ಎರಡು ಸಾಲು ಮರುಕ, ಹೊಸ ಡಿಸ್ಕಿಗೆ ಹೊಗಳಿಕೆ. ಲೇಖನ ಅವನನ್ನು ಕಾಡುತ್ತಿರಲಿಲ್ಲ. ನಾಲ್ಕು ಗಂಟೆಗೆ ಅಕ್ಕ ಬರುವವಳಿದ್ದಳು.

ನಿನ್ನೆ ಅವಳು ಫೋನಿನಲ್ಲಿ ಹೇಳಿದ್ದು ಇಷ್ಟೇ: “ಬಂತು ಕಣೋ ನಿನ್ನ ಸಿನಿಮಾ. ಒಂದು ಫ್ರೇಮೂ ಬಿಟ್ಟುಹೋಗಿಲ್ಲ, ಎಲ್ಲಾ ಇದೆ ಅಂತ ಹೋದ ತಿಂಗಳು ಬರೆದಿದ್ದೆಯಲ್ಲ, ಅದನ್ನ ಓದೇ ತರಿಸಿದೆ. ನಾಳೆ ನಾಲ್ಕು ಗಂಟೆಗೆ ಬರ್ತೀನಿ. ನಿನ್ನ ದೊಡ್ಡ ಟೀವೀಲಿ ಅಪ್ಪನ್ನ ನೋಡಬೇಕು.” ಅವಳ ಮನೆಯಲ್ಲಿ ಡಿಸ್ಕು ಹಾಕುವ ಯಂತ್ರವಿಲ್ಲ. ಒಂದು ಫ್ರೇಮೂ ಬಿಟ್ಟುಹೋಗಿಲ್ಲ ಎಂಬ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಮೊದಲಿನಿಂದ ಕೊನೆಯವರೆಗೆ ಎಣಿಸಿದರೆ ಒಂದೂ ಹೋಗಿಲ್ಲ. ಹೋಗಿರುವುದು ಪ್ರತಿಯೊಂದು ಫ್ರೇಮಿನ ಮೇಲಿನ ಒಂದು ಪಟ್ಟಿ, ಕೆಳಗಿನ ಒಂದು ಪಟ್ಟಿ. ಆ ಕಾಲದ ಕ್ಯಾಮೆರಾ ಹೆಚ್ಚುಕಡಿಮೆ ಚೌಕವಾದ ಚಿತ್ರವನ್ನೇ ಹಿಡಿಯುತ್ತಿತ್ತು. ಥಿಯೇಟರಿನಲ್ಲಿ ಪ್ರೊಜೆಕ್ಟರಿಗೆ ತಗಡಿನ ತಟ್ಟೆ ಇಟ್ಟು ಮೇಲೂ ಕೆಳಗೂ ಮರೆಮಾಡಿ ಅಗಲವಾಗಿ ತೋರಿಸುತ್ತಿದ್ದರು. ಮುಂದೆ ಟೀವಿಗೆಂದು ಟೇಪು ಮಾಡುವಾಗ ಮರೆ ತೆಗೆದು ಎಲ್ಲವನ್ನೂ ತುಂಬಿಬಿಟ್ಟರು. ಹಾಗಾಗಿ ಟೇಪಿನಲ್ಲಿ ನಾಯಕಿ ಕಿರುಚುವಾಗ ಅವಳ ನೆತ್ತಿಯ ಮೇಲೆ ಮೈಕು ತೂಗಾಡುತ್ತದೆ. ಹಾಗಾಗಿಯೇ ನಲವತ್ತೊಂದನೆಯ ನಿಮಿಷದಲ್ಲಿ, ಅವಳು ಗಿರಣಿಯ ಮೆಟ್ಟಿಲು ಹತ್ತಿ ಓಡುವಾಗ, ಚಿತ್ರದ ಕೆಳ ಅಂಚಿನಲ್ಲಿ, ನಾಲ್ಕು ಸೆಕೆಂಡು ಎಂಟು ಫ್ರೇಮಿನಷ್ಟು ಹೊತ್ತು, ಅಪ್ಪ ಸತ್ತು ಬಿದ್ದಿರುತ್ತಾರೆ. ಹೊಸ ಡಿಸ್ಕಿನಲ್ಲಿ ಅವರ ಎತ್ತಿದ ಮೊಣಕೈಯ ತುದಿ ಮಾತ್ರ ಕಾಣುತ್ತದೆ. ಗೊತ್ತಿಲ್ಲದವರು ಅದನ್ನು ಕಲ್ಲೆಂದುಕೊಳ್ಳಬೇಕು.

“ಹೇಳಿಬಿಡಿ, ಅಕ್ಕ ತಾನೇ, ತಿಂದುಬಿಡ್ತಾರಾ?” ಎಂದು ಹೆಂಡತಿ ಶಾಲೆಗೆ ಹೊರಡುವಾಗ ಚಪ್ಪಲಿ ಹುಡುಕುತ್ತಾ ಹೇಳಿದ್ದಳು. ಪಾಠ ಹೇಳುವವಳು, ಅವಳ ಪ್ರಕಾರ ಎಲ್ಲ ತಪ್ಪನ್ನೂ ಹಲಗೆಯ ಮೇಲೆ ಬರೆದು ಒರೆಸಬಹುದು. ಹೊಸ ಡಿಸ್ಕಿನಲ್ಲಿ ಮಾವ ಇಲ್ಲ ಎಂಬುದಷ್ಟೇ ಅವಳಿಗೆ ಗೊತ್ತು. ಯಾರಿಂದ ಇಲ್ಲ ಎಂಬುದು ಗೊತ್ತಿಲ್ಲ. ಎರಡು ವರ್ಷದ ಹಿಂದೆ, ಸಿನಿಮಾವನ್ನು ಹೊಸದು ಮಾಡುವ ಕಂಪನಿಯವರು ಅವನಿಗೆ ಬರೆದಿದ್ದರು. ನಿರ್ದೇಶಕ ತೀರಿಕೊಂಡಿದ್ದಾನೆ, ಛಾಯಾಗ್ರಾಹಕನೂ ಇಲ್ಲ. ಎಲ್ಲ ಆವೃತ್ತಿಗಳನ್ನೂ ಬಲ್ಲವರು ನೀವೊಬ್ಬರೇ. ಪೂರ್ತಿ ಚಿತ್ರ ಕೊಡೋಣವೋ, ಥಿಯೇಟರಿನಲ್ಲಿದ್ದಂತೆ ಮರೆಮಾಡೋಣವೋ? ಅಷ್ಟು ದೊಡ್ಡವರು ಕೇಳಿದರಲ್ಲ ಎಂದು ಅವನು ಆ ಪತ್ರವನ್ನು ಮೂರು ದಿನ ಜೇಬಿನಲ್ಲಿಟ್ಟುಕೊಂಡು ಓಡಾಡಿದ್ದ. ನಾಲ್ಕನೆಯ ದಿನ ಉತ್ತರ ಬರೆದ. ಮರೆಮಾಡಿ. ಅದೇ ಸರಿ. ಸರಿ ಎಂಬುದಕ್ಕೆ ಹನ್ನೊಂದು ಕಾರಣ ಕೊಟ್ಟಿದ್ದ. ಹನ್ನೊಂದೂ ಗಟ್ಟಿ ಕಾರಣಗಳೇ. ಯಾವ ಪಂಡಿತ ಬಂದರೂ ಅಲ್ಲಾಡಿಸುವ ಹಾಗಿಲ್ಲ. ಬರೆದು ಲಕೋಟೆ ಅಂಟಿಸುವಾಗ ಎದೆ ಹಗುರಾಗಿತ್ತು. ಆ ಹಗುರಕ್ಕೆ ಕಾರಣ ಆ ಹನ್ನೊಂದರಲ್ಲಿ ಯಾವುದೂ ಅಲ್ಲವೆಂದು ಅವನಿಗೆ ಆಗಲೂ ಗೊತ್ತಿತ್ತು, ಇವತ್ತೂ ಗೊತ್ತು.

ಗಿರಣಿ ಮುಚ್ಚಿದ ಮೇಲೆ ಅದರ ಬೀಗದ ಕೈ ಅಪ್ಪನ ಬಳಿ ಉಳಿದಿತ್ತು. ಮೊದಲು ಅಲ್ಲಿ ಹಾಜರಿ ಬರೆಯುತ್ತಿದ್ದವರು. ಹಾಜರಾಗುವವರೇ ಇಲ್ಲವಾದಾಗ ಕಾವಲಿಗೆ ನಿಂತರು. ಸಿನಿಮಾದವರು ಬೀಗ ತೆಗೆಸಲು ಬಂದು ಅಪ್ಪನ ಮುಖ ನೋಡಿದರು. ಅವನಿಗಾಗ ಒಂಬತ್ತು ವರ್ಷ. ಗಿರಣಿಯ ಅಂಗಳದಲ್ಲಿ ಉದ್ದನೆಯ ಬೆಂಚಿನ ಮೇಲೆ ಕೆಲಸ ಕಳೆದುಕೊಂಡ ಮೂವತ್ತು ನಲವತ್ತು ಜನ ಸಾಲಾಗಿ ಕುಳಿತಿದ್ದರು. ಮೇಕಪ್ಪಿನವನು ಒಬ್ಬೊಬ್ಬರಿಗೂ ಕೆನ್ನೆಗೆ ಮೇಣ ಹಚ್ಚಿ, ಕಣ್ಣಿನ ಕೆಳಗೆ ಕಪ್ಪು ಬಳಿದು, ತುಟಿ ಹರಿದಂತೆ ಮಾಡುತ್ತಾ ಬಂದವನು ಅಪ್ಪನ ಮುಂದೆ ನಿಂತು, ಗಲ್ಲ ಹಿಡಿದು ಆ ಕಡೆ ಈ ಕಡೆ ತಿರುಗಿಸಿ, “ಈ ಮುಖಕ್ಕೆ ಬಣ್ಣ ಯಾಕ್ರೀ ದಂಡ?” ಎಂದ. ಬೆಂಚಿಗೆ ಬೆಂಚೇ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಅಪ್ಪ. ಅಂಗೈಗೆ ಒಂದಿಷ್ಟು ಬಿಳಿ, ಕೊರಳಿಗೆ ಒಂದು ಗೀರು, ಅಷ್ಟೇ. ಅಂದಿನಿಂದ ಒಂದು ವರ್ಷ ಶಾಲೆಯಲ್ಲಿ ಅವನನ್ನು ಯಾರೂ ಹೆಸರು ಹಿಡಿದು ಕರೆಯಲಿಲ್ಲ. ಹೆಣದ ಮಗ. ಬಂದನಪ್ಪಾ ಹೆಣದ ಮಗ, ಉಸಿರು ಬಿಗಿಹಿಡಿದುಕೊಳ್ಳಿ. ಈಗ ನೆನೆಸಿಕೊಂಡರೆ ಅದೇನು ಮಹಾ ಮಾತಲ್ಲ, ಮಕ್ಕಳಾಟ. ಬಲಗಡೆಯ ಟೀವಿಯಲ್ಲಿ ಒಬ್ಬ ಬಾಗಿಲು ಮುರಿದು ಒಳನುಗ್ಗಿದ. ಅವನ ಅಂಗಿಯ ಗುಂಡಿಗಳನ್ನು ಈಗ ಎಣಿಸಬಹುದಿತ್ತು, ಐದು, ಟೇಪಿನಲ್ಲಿ ಮೂರೇ ಕಾಣುತ್ತಿದ್ದದ್ದು. ಅವನು ಪುಸ್ತಕದಲ್ಲಿ ‘ಗುಂಡಿ: ೫’ ಎಂದು ಬರೆದ.

ಅವನ ಪುಣ್ಯವೋ ಪಾಪವೋ, ಕ್ಯಾಮೆರಾದ ಸಹಾಯಕನೊಬ್ಬನಿಗೆ ಅವನು ಹಿಡಿಸಿದ್ದ. ನಟರ ಮುಖಕ್ಕೂ ಕ್ಯಾಮೆರಾಕ್ಕೂ ಎಷ್ಟು ದೂರ ಎಂದು ಪಟ್ಟಿ ಎಳೆದು ಅಳೆಯುವುದು ಆ ಸಹಾಯಕನ ಕೆಲಸ. ಪಟ್ಟಿಯ ಈಚೆ ತುದಿಯನ್ನು ಹುಡುಗನ ಕೈಗೆ ಕೊಡುತ್ತಿದ್ದ. ಅದನ್ನು ಹಿಡಿದು ನಿಂತಾಗ ಸಿನಿಮಾವೇ ತನ್ನ ಕೈಯಲ್ಲಿದೆ ಎಂಬಷ್ಟು ಬೀಗುತ್ತಿದ್ದ ಅವನು. ಮಧ್ಯಾಹ್ನ ಊಟಕ್ಕೆ ಬಿಟ್ಟಾಗ ಕ್ಯಾಮೆರಾದವರಿಗೆ ಕುರ್ಚಿ, ಮೇಜು, ಕೊಡೆ. ಹೆಣಗಳಿಗೆ ಮೆಟ್ಟಿಲು, ಮೈಯ ಬಣ್ಣ ಕುರ್ಚಿಗೆ ಹತ್ತುತ್ತದೆಂದು. ಅವನನ್ನು ಕೊಡೆಯ ಕೆಳಗೆ ಕೂರಿಸಿಕೊಂಡರು. ತಟ್ಟೆಯಲ್ಲಿ ಇನ್ನೂ ಕೈಯಿಟ್ಟಿರಲಿಲ್ಲ, ಮೆಟ್ಟಿಲಿನಿಂದ ಅಪ್ಪ ಬಿಳಿಯ ಅಂಗೈ ಎತ್ತಿ ಆಡಿಸಿದರು, “ಬಾರೋ, ಇಲ್ಲಿ ಬಾ.” ಎಲ್ಲರೂ ತಿರುಗಿದರು. ಸಹಾಯಕ ಬಾಗಿ ಕೇಳಿದ: “ಯಾರೋ ಅದು, ನಿನ್ನೇ ಕರೀತಿರೋ ಹಾಗಿದೆ? ನಿಮ್ಮಪ್ಪನಾ?” ಅವನು ತಟ್ಟೆ ನೋಡುತ್ತಾ, “ಅಲ್ಲ, ಯಾರೋ” ಎಂದ. ತಲೆಯೆತ್ತಿದಾಗ ಅಪ್ಪನ ಕೈ ಇನ್ನೂ ಮೇಲೆಯೇ ಇತ್ತು. ಆಮೇಲೆ ಅದು ಮೆಲ್ಲಗೆ ಇಳಿದು, ಕರೆಯಲು ಎತ್ತಿದ್ದೇ ಅಲ್ಲವೆನ್ನುವಂತೆ, ಕತ್ತು ಕೆರೆದುಕೊಂಡಿತು.

ಕೇಳಿಸಿತ್ತೇ? ನಲವತ್ತು ವರ್ಷಗಳಿಂದ ಅವನು ಅಳೆಯುತ್ತಿರುವುದು ಇದೊಂದನ್ನೇ. ಅವತ್ತು ಬೆಳಿಗ್ಗೆ ಅದೇ ಜಾಗದಿಂದ ಅದೇ ಮೆಟ್ಟಿಲಿಗೆ ಪಟ್ಟಿ ಎಳೆದಾಗ ಹದಿನಾಲ್ಕು ಅಡಿ ಬಂದದ್ದು ಅವನಿಗೆ ನೆನಪಿದೆ. ಹದಿನಾಲ್ಕು ಅಡಿಗೆ ಒಂಬತ್ತು ವರ್ಷದ ಹುಡುಗನ ಗೊಣಗು ಕೇಳಿಸುತ್ತದೆಯೇ? ಮದುವೆಯಾದ ಹೊಸದರಲ್ಲಿ ಒಮ್ಮೆ ಹೆಂಡತಿಯನ್ನು ನಡುಮನೆಯಲ್ಲಿ ಹದಿನಾಲ್ಕು ಅಡಿ ಆಚೆ ನಿಲ್ಲಿಸಿ ಅಷ್ಟೇ ಸಣ್ಣ ದನಿಯಲ್ಲಿ ಎರಡು ಪದ ಹೇಳಿ ನೋಡಿದ್ದ. “ಏನಂದ್ರಿ?” ಎಂದಳು ಅವಳು, ಏನೋ ಪ್ರೀತಿಯ ಮಾತೇ ಇರಬೇಕೆಂದು ನಾಚಿಕೊಂಡು. ಆದರೆ ಮನೆ ಬೇರೆ, ಗಿರಣಿ ಬೇರೆ. ಗಿರಣಿಯ ಅಂಗಳದಲ್ಲಿ ಮಾತು ಗೋಡೆಗೆ ಬಡಿದು ವಾಪಸು ಬರುತ್ತಿತ್ತು. ಅಪ್ಪ ಅವತ್ತು ಸಂಜೆ ಮನೆಗೆ ಬಂದು ಎಂದಿನಂತೆ ಮುಖ ತೊಳೆದರು, ಎಂದಿನಂತೆ ಅವನ ಲೆಕ್ಕದ ಪುಸ್ತಕ ನೋಡಿದರು. ಬೈದಿದ್ದರೆ, ಕಪಾಳಕ್ಕೆ ಎರಡು ಬಿಟ್ಟಿದ್ದರೆ ಅಲ್ಲಿಗೇ ಮುಗಿದುಹೋಗುತ್ತಿತ್ತು.

ಸಿನಿಮಾ ಬಂದಾಗ ಅಪ್ಪ ಊರಿಗೆಲ್ಲ ಡಂಗುರ ಸಾರಿದ್ದರು. ಅಕ್ಕಪಕ್ಕದ ಮನೆಯವರನ್ನೂ ಗಿರಣಿಯ ಹಳೆಯ ಗೆಳೆಯರನ್ನೂ ಸೇರಿಸಿಕೊಂಡು ಒಂದು ಸಾಲಿಗೆ ಸಾಲೇ ಹಿಡಿದು ಕೂತಿದ್ದರು. ಮೆಟ್ಟಿಲು ಬಂತು, ನಾಯಕಿ ಓಡಿದಳು, ಮೆಟ್ಟಿಲು ಹೋಯಿತು. “ಇಲ್ಲೇ ಬರಬೇಕಿತ್ತು,” ಎಂದರು ಅಪ್ಪ ಕತ್ತಲಲ್ಲಿ. “ಕ್ಯಾಮೆರಾ ನನ್ನ ಮೇಲೇ ಇತ್ತು. ನಾನೇ ನೋಡಿದೀನಿ.” ಹಿಂದಿನಿಂದ ಯಾರೋ, ಹೆಣಕ್ಕೆ ಕಣ್ಣು ಬೇರೆ ಕಾಣುತ್ತಾ ಎಂದರು. ನಗು. ಅಪ್ಪ ಈ ಸಲ ನಗಲಿಲ್ಲ. ತಗಡಿನ ತಟ್ಟೆಯ ಸಂಗತಿ ಅವರಿಗೆ ಯಾರು ಹೇಳಬೇಕು? ಪಕ್ಕದಲ್ಲಿ ಕುಳಿತ ಹುಡುಗನಿಗೆ ಆ ಕ್ಷಣ ಆದದ್ದು ಸಂತೋಷ. ಶುದ್ಧ ಸಂತೋಷ, ಕುಣಿಯಬೇಕೆನ್ನುವಂಥದು. ಇನ್ನು ನಾಳೆ ಶಾಲೆಯಲ್ಲಿ ತೋರಿಸಲು ಏನೂ ಇಲ್ಲ. ಆರು ವರ್ಷದ ನಂತರ ಅಪ್ಪ ನಿಜವಾಗಿ ಸತ್ತರು. ಟೇಪು ಬಂದದ್ದು ಅದಾದ ಮೇಲೆ. ಬಾಡಿಗೆ ಟೇಪಿನ ಅಂಗಡಿಯಲ್ಲಿ ಅವನು ಇಪ್ಪತ್ತು ಜನರ ನಡುವೆ ನಿಂತು ಆ ಕೆಳ ಅಂಚಿನಲ್ಲಿ ಅಪ್ಪನನ್ನು ಕಂಡಾಗ, ಅಂಗಡಿಯವನಿಗೆ “ಅದು ನಮ್ಮಪ್ಪ” ಎನ್ನಲು ನಾಲಿಗೆ ತುದಿಯವರೆಗೂ ಬಂದದ್ದನ್ನು ನುಂಗಿಕೊಂಡು ಹೊರಗೆ ಬಂದಿದ್ದ. ಅಕ್ಕನಿಗೆ ಹೇಳಿದ್ದೇ ಎಷ್ಟೋ ವರ್ಷಗಳ ಮೇಲೆ. ಅವಳು ಯಾರದೋ ಮನೆಯ ಪುಟ್ಟ ಟೀವಿಯಲ್ಲಿ ಒಮ್ಮೆ ನೋಡಿ ಬಂದು, “ಗುಂಡಿಯಷ್ಟು ಕಂಡಿತು ಕಣೋ ಮುಖ, ಅಷ್ಟರಲ್ಲಿ ಹೋಯ್ತು” ಎಂದಿದ್ದಳು. ಅವನು ಈ ಸಿನಿಮಾವನ್ನು ಇನ್ನೂರು ಸಲ ನೋಡಿದ್ದಾನೆ. ಆ ನಾಲ್ಕು ಸೆಕೆಂಡು ಯಾವಾಗಲೂ ಮೇಲಿನ ಮೂಲೆಯ ಕಿಟಕಿಯನ್ನೋ ನಾಯಕಿಯ ಹಿಮ್ಮಡಿಯನ್ನೋ ನೋಡುತ್ತಾನೆ.

ಮೂರೂವರೆಗೆ ಅವನು ತೀರ್ಮಾನಿಸಿದ. ತೀರ್ಮಾನ ಎನ್ನುವುದಕ್ಕಿಂತ ಕೈಗಳು ತಾವೇ ಕೆಲಸ ಶುರುಮಾಡಿದವು. ಟೇಪಿನ ಯಂತ್ರವನ್ನು ದೊಡ್ಡ ಟೀವಿಯ ಹಿಂದಕ್ಕೆ ಸರಿಸಿ ತಂತಿ ಸಿಕ್ಕಿಸಿದ. ಹಳೆಯ ಟೀವಿಗೆ ಬಟ್ಟೆ ಹೊದಿಸಿದ. ಟೇಪಿನ ಕೆಂಪನ್ನು ಟೀವಿಯ ಬಣ್ಣ ತಿರುಗಿಸಿ ಆದಷ್ಟು ಇಳಿಸಿದ. ಚಿತ್ರದ ಎರಡೂ ಬದಿಗೆ ಕಪ್ಪು ಉಳಿಯಿತು. ಉಳಿಯಲಿ, ಅಕ್ಕನಿಗೆ ಇದೆಲ್ಲ ಎಲ್ಲಿ ಗೊತ್ತಾಗುತ್ತದೆ. ತನ್ನ ಹೊಸ ಡಿಸ್ಕಿನ ಡಬ್ಬಿಯನ್ನು ಮೇಜಿನ ಮೇಲೆ ಕಾಣುವಂತೆ ತೆರೆದಿಟ್ಟ. ಹತ್ತೊಂಬತ್ತು ವರ್ಷ ಟೇಪನ್ನು ಟೇಪೆಂದೂ ಡಿಸ್ಕನ್ನು ಡಿಸ್ಕೆಂದೂ ಹೇಳಿ ಹೊಟ್ಟೆ ಹೊರೆದವನು, ಒಂದನ್ನು ಇನ್ನೊಂದೆಂದು ಒಡಹುಟ್ಟಿದವಳ ಮುಂದೆ ದಾಟಿಸಲು ಹೊರಟಿದ್ದ. ಅಸಹ್ಯವಾಯಿತು. ಆದರೂ ಬಟ್ಟೆಯ ಅಂಚನ್ನು ಎಳೆದು ಸರಿಮಾಡಿದ.

ಅಕ್ಕ ಹೇಳಿದ ಹೊತ್ತಿಗೆ ಸರಿಯಾಗಿ ಬಂದಳು. ಮೆಟ್ಟಿಲು ಹತ್ತಿದ್ದಕ್ಕೆ ಏದುಸಿರು ಬಿಡುತ್ತಾ, ಕನ್ನಡಕ ಒರೆಸಿಕೊಳ್ಳುತ್ತಾ, “ಏನೋ ಇದು, ಮನೆಯೋ ಗೋದಾಮೋ?” ಎಂದಳು. ಗೋಡೆಯುದ್ದಕ್ಕೂ ಜೋಡಿಸಿದ್ದ ಡಬ್ಬಿಗಳ ಬೆನ್ನು ಓದುತ್ತಾ ನಡೆದಳು. “ಸತ್ತವರು, ಸತ್ತವರು, ಮತ್ತೆ ಎದ್ದ ಸತ್ತವರು. ಬೇರೆ ಏನೂ ಸಿಗಲಿಲ್ವಾ ನಿಂಗೆ ಜೀವನದಲ್ಲಿ?” ಅವನು ಚಹಾ ಮಾಡಲೇ ಎಂದ. ಆಮೇಲೆ, ಎಂದಳು. ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಸೋಫಾದ ತುದಿಯಲ್ಲಿ, ವೈದ್ಯರ ಬಳಿ ಸರದಿಗೆ ಕಾಯುವವಳ ಹಾಗೆ ಕುಳಿತಳು.

“ಮೊದಲಿಂದ ಬೇಡ. ಅಪ್ಪ ಬರೋ ಕಡೆ ಹಾಕು.”

ಹಾಕಿದ. ನಾಯಕಿ ಬಾಗಿಲು ತಳ್ಳಿದಳು, ಹಿಂದಿರುಗಿ ನೋಡಿದಳು, ಓಡಿದಳು. ಮೆಟ್ಟಿಲು ಬಂತು.

“ನಿಲ್ಸು,” ಎಂದಳು ಅಕ್ಕ.

ಚಿತ್ರ ಸಣ್ಣಗೆ ನಡುಗುತ್ತಾ ನಿಂತಿತು. ಟೇಪನ್ನು ಹೀಗೆ ಬಹಳ ಹೊತ್ತು ನಿಲ್ಲಿಸಿದರೆ ಆ ಜಾಗ ಸವೆಯುತ್ತದೆ ಎಂದು ಬೇರೆ ಯಾರಿಗಾದರೂ ಅವನು ಹೇಳಿರುತ್ತಿದ್ದ. ಅಕ್ಕ ಎದ್ದು ಹೋಗಿ ಟೀವಿಗೆ ಮೂಗು ತಾಗುವಷ್ಟು ಹತ್ತಿರ ನಿಂತಳು. ಕೆಳಗೆ ಬಾಗಿದಳು. ತುಂಬ ಹೊತ್ತು ನೋಡಿದಳು. ಅವನಿಗೆ ಅವಳ ಬೆನ್ನು ಮಾತ್ರ ಕಾಣುತ್ತಿತ್ತು, ಅದರಿಂದ ಏನೂ ತಿಳಿಯುವಂತಿರಲಿಲ್ಲ.

“ಚೆನ್ನಾಗಿ ಬಂದಿದೆ, ಅಲ್ವಾ?” ಎಂದ. ತನ್ನ ದನಿ ತನಗೇ ಅಂಗಡಿಯವನದರಂತೆ ಕೇಳಿಸಿತು.

“ಇದು ಹಳೇ ಟೇಪು ಕಣೋ,” ಎಂದಳು ಅಕ್ಕ, ತಿರುಗದೆ. “ಹೊಸದ್ರಲ್ಲಿ ಅಪ್ಪ ಇಲ್ಲ. ಮೊನ್ನೇನೇ ನೋಡಿದೆ. ಕೆಳಗಿನ ಮನೆಯವರ ಹತ್ರ ಯಂತ್ರ ಇದೆ.”

ಅಕ್ಕ ಬಂದು ಕುಳಿತು ಚೀಲದಿಂದ ಒಂದು ಸಣ್ಣ ಪುಸ್ತಕ ತೆಗೆದಳು. ಡಿಸ್ಕಿನ ಜೊತೆ ಬರುವ ಪುಸ್ತಕ, ಕಂಪನಿಯವರು ಅವನ ಉತ್ತರವನ್ನು ಅದರಲ್ಲೇ ಅಚ್ಚುಹಾಕಿದ್ದರು. ಮೂಲೆ ಮಡಚಿಟ್ಟಿದ್ದ ಪುಟ ಬಿಡಿಸಿ, ಕನ್ನಡಕವನ್ನು ಹಣೆಗೇರಿಸಿ, ಬೆರಳಿಟ್ಟು ಓದತೊಡಗಿದಳು. ಮಗುವಿನ ಹಾಗೆ ಒಂದೊಂದೇ ಪದ ಬಿಡಿಸಿ ಓದುತ್ತಿದ್ದಳು. “‘ಕೆಳಗಿನ ಪಟ್ಟಿಯಲ್ಲಿ ನೋಡತಕ್ಕದ್ದೇನೂ ಇಲ್ಲ. ಒಂದಿಷ್ಟು ನೆಲ, ದೀಪದ ತಂತಿಗಳು, ಮೆಟ್ಟಿಲ ಮೇಲೆ ಬಿದ್ದಿರುವ ಯಾರೋ ಒಬ್ಬ.’ ಕೆಳಗೆ ನಿನ್ನ ಹೆಸರಿದೆ.”

“ಅದು ಹಾಗಲ್ಲ ಅಕ್ಕ. ಥಿಯೇಟರಲ್ಲಿ ತೋರಿಸಿದ ಅಳತೆ ಅಂತ ಒಂದಿರುತ್ತೆ. ನಿರ್ದೇಶಕ ಯಾವುದನ್ನ ತೋರಿಸಬೇಕು ಅಂದ್ಕೊಂಡಿದ್ನೋ, ಅದು, ಈಗ ಮೇಲೆ ಮೈಕು ಕೂಡ ಕಾಣ್ತಿತ್ತು…” ಹನ್ನೊಂದು ಕಾರಣಗಳಲ್ಲಿ ನಾಲ್ಕನ್ನು ಹೇಳಿದ. ಅಕ್ಕ ತಡೆಯಲಿಲ್ಲ, ತಲೆಯಾಡಿಸುತ್ತಾ ಕೇಳಿದಳು. ಐದನೆಯದು ತಾನಾಗಿ ನಿಂತುಹೋಯಿತು.

“ಶೂಟಿಂಗ್ ದಿನ ಅಪ್ಪ ಮನೆಗೆ ಬಂದು ಏನಂದ್ರು ಗೊತ್ತಾ?” ಎಂದಳು ಅವಳು. “ನೀನು ಮಲಗಿದ ಮೇಲೆ ಹೇಳಿದ್ರು. ‘ಬಣ್ಣ ಎಷ್ಟು ಚೆನ್ನಾಗಿ ಬಳಿದಿದ್ದ ಅಂದ್ರೆ, ಹೆತ್ತ ಮಗನಿಗೇ ನನ್ನ ಗುರುತು ಸಿಗಲಿಲ್ಲ ಕಣಮ್ಮ! ಯಾರೋ ಅಂದುಬಿಟ್ಟ!’ ಅಂತ. ಹೊಟ್ಟೆ ಹಿಡ್ಕೊಂಡು ನಕ್ಕರು. ಗಿರಣಿ ಸ್ನೇಹಿತರ ಹತ್ರ, ಅಂಗಡಿಯಲ್ಲಿ, ಆಸ್ಪತ್ರೇಲಿ ಮಲಗಿದ್ದಾಗ ನರ್ಸುಗಳ ಹತ್ರ, ಎಲ್ಲಾರ ಹತ್ರಾನೂ ಹೇಳಿದ್ದೇ ಹೇಳಿದ್ದು. ನಿನ್ನ ಮುಂದೆ ಮಾತ್ರ ಹೇಳ್ತಿರಲಿಲ್ಲ. ‘ಮಗು ಹೆದರಿತ್ತು, ನೆನಪು ಮಾಡಬೇಡಿ’ ಅನ್ನೋರು.”

ಹೊರಗೆ ಯಾರೋ ಗಾಡಿ ನಿಲ್ಲಿಸಿದರು, ಬಾಗಿಲು ಬಡಿದ ಸದ್ದು ಕೇಳಿತು. ಟೇಪಿನ ಅಂಗಡಿಯಲ್ಲಿ ಕಂಡ ಮೇಲೆ ಮೊದಲ ಸಲ ಅವನು ಆ ಕೆಳ ಅಂಚಿನ ಕಡೆ ನೋಡಿದ. ನಡುಗುವ ಗೆರೆಗಳ ನಡುವೆ ಅಪ್ಪ ಬಿದ್ದಿದ್ದರು. ಬಾಯಿ ಕೊಂಚ ತೆರೆದಿತ್ತು. ಹಾಜರಿ ಪುಸ್ತಕದ ಮುಂದೆ ಕೂತಾಗ ಇರುತ್ತಿದ್ದ ಮುಖ, ಅವನ ಲೆಕ್ಕದ ಪುಸ್ತಕ ನೋಡುವಾಗ ಇರುತ್ತಿದ್ದ ಮುಖ. ಅದರಲ್ಲಿ ಒಂದು ಕೂದಲೂ ಬದಲಾಗಿರಲಿಲ್ಲ.

“ನಾನು ನಂಬಿದ್ದೆ,” ಎಂದಳು ಅಕ್ಕ. “ಮೊನ್ನೆ ಇದನ್ನ ಓದೋವರೆಗೂ ನಂಬಿದ್ದೆ. ಅದಕ್ಕೇ ಬಂದೆ. ಬಣ್ಣ ಎಷ್ಟಿತ್ತು ಅಂತ ಒಂದ್ಸಲ ಕಣ್ಣಾರೆ ನೋಡಬೇಕಿತ್ತು. ಎಲ್ಲೋ ಇದೆ ಬಣ್ಣ ಇದರಲ್ಲಿ?”

ಅವನು ಮೇಜಿನ ಮೇಲೆ ತೆರೆದಿಟ್ಟಿದ್ದ ಡಿಸ್ಕಿನ ಡಬ್ಬಿಯನ್ನು ಮುಚ್ಚಿದ.

“ಅವತ್ತು ನಿಜವಾಗ್ಲೂ ಗುರುತು ಸಿಕ್ಕಿರಲಿಲ್ವಾ ನಿಂಗೆ?” ಅವಳ ದನಿಯಲ್ಲಿ ಕೋಪವಿರಲಿಲ್ಲ. ಇಲ್ಲ ಎಂದುಬಿಡು ಎಂದು ಅವಳು ಬೇಡಿಕೊಳ್ಳುತ್ತಿದ್ದಾಳೆಂದು ಅವನಿಗೆ ಸ್ಪಷ್ಟವಾಗಿ ತಿಳಿಯಿತು. ಇಲ್ಲ ಎನ್ನುವುದು ಸುಲಭವಿತ್ತು. ಒಂದೇ ಪದ, ಅಪ್ಪನೂ ಅದನ್ನೇ ಸಾಯುವವರೆಗೂ ಹೇಳಿಕೊಂಡಿದ್ದರು. ಹೇಳಿದರೆ ಅವಳಿಗೂ ಅಪ್ಪನಿಗೂ ಮಾನ ಉಳಿಯುತ್ತಿತ್ತು, ಅವನಿಗೂ.

“ಸಿಕ್ಕಿತ್ತು ಅಕ್ಕ,” ಎಂದ.

ಅಕ್ಕ ಪುಸ್ತಕ ಮುಚ್ಚಿದಳು. ಮಡಚಿದ್ದ ಮೂಲೆಯನ್ನು ಹೆಬ್ಬೆರಳಿನಿಂದ ತೀಡಿ ತೀಡಿ ಸರಿಮಾಡಿ ಮೇಜಿನ ಮೇಲಿಟ್ಟಳು. ಅಳುತ್ತಾಳೆಂದುಕೊಂಡ, ಅಳಲಿಲ್ಲ. ಬೈಯುತ್ತಾಳೆಂದುಕೊಂಡ, ಅದೂ ಇಲ್ಲ. ಎದ್ದು ಸೆರಗು ಸರಿಮಾಡಿಕೊಂಡು, ಬಾಗಿಲವರೆಗೆ ಹೋಗಿ, ಚಪ್ಪಲಿಗೆ ಕಾಲು ತೂರಿಸುತ್ತಾ, ನೆಲ ನೋಡಿಕೊಂಡೇ ಹೇಳಿದಳು.

“ಇದನ್ನ ನಂಗೊಂದು ಕಾಪಿ ಮಾಡ್ಕೊಡು. ಸಿನಿಮಾ ಬೇಡ. ಕೆಳಗಿನ ಪಟ್ಟಿ ಸಾಕು.”